ಹಸುವಿನ ಒತ್ತಡ, ಸಾಕುವವಳ ಒತ್ತಡ

ಪಶುವೈದ್ಯರ ಪಾಠ



ನಾವು ಪಶುವೈದ್ಯರು ಕೊಟ್ಟಿಗೆಗೆ ಬಂದ ಕೂಡಲೇ ಕೇಳುವ ಪ್ರಶ್ನೆಗಳು ನಿಮಗೆ ಬಾಯಿಪಾಠವಾಗಿವೆ. ಮೇವು ತಿನ್ನುತ್ತಿದೆಯಾ? ನೀರು ಕುಡಿಯಿತಾ? ಮೆಲುಕು ಹಾಕುತ್ತಿದೆಯಾ? ರಾತ್ರಿ ಮಲಗಿತ್ತಾ? ಒಂದೊಂದಕ್ಕೂ ನೀವು ತಡವರಿಸದೆ ಉತ್ತರ ಕೊಡುತ್ತೀರಿ. ಇದೇ ಪ್ರಶ್ನೆಗಳನ್ನು ನಿಮ್ಮ ಬಗ್ಗೆ ಕೇಳಿದರೆ? ಬೆಳಗಿನ ತಿಂಡಿ ಎಷ್ಟು ಗಂಟೆಗೆ ತಿಂದಿರಿ? ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದಿರಿ? ಹೆಚ್ಚಿನವರು ನಕ್ಕು, "ನನ್ನದು ಬಿಡಿ ಡಾಕ್ಟ್ರೇ, ಹಸು ನೋಡಿ" ಅನ್ನುತ್ತಾರೆ.

ಈ ಸಂಚಿಕೆಯ ಪಾಠ ಹಾಗೆ ಬಿಟ್ಟುಬಿಟ್ಟ ವಿಷಯದ ಬಗ್ಗೆ. ಮನಸ್ಸಿನ ಒತ್ತಡದ ಬಗ್ಗೆ ಪಶುವೈದ್ಯರು ಯಾಕೆ ಬರೆಯಬೇಕು ಎಂದು ನೀವು ಕೇಳಬಹುದು. ಕಾರಣ ಇಷ್ಟೇ. ಹಸುವಿನ ದೇಹದಲ್ಲಿ ಒತ್ತಡ ಹೇಗೆ ಕೆಲಸ ಮಾಡುತ್ತದೋ ನಮ್ಮ ದೇಹದಲ್ಲೂ ಹೆಚ್ಚುಕಡಿಮೆ ಹಾಗೆಯೇ ಮಾಡುತ್ತದೆ. ಹಸುವನ್ನು ಅರ್ಥ ಮಾಡಿಕೊಂಡವರಿಗೆ ತಮ್ಮನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಇನ್ನೊಂದು ಮಾತು: ಕೊಟ್ಟಿಗೆಯಲ್ಲಿ ಅತ್ಯಂತ ಬೆಲೆಬಾಳುವುದು ಮಿಶ್ರತಳಿ ಹಸುವೂ ಅಲ್ಲ, ಮೇವು ಕತ್ತರಿಸುವ ಯಂತ್ರವೂ ಅಲ್ಲ, ಅವೆಲ್ಲವನ್ನೂ ನಡೆಸುವ ನಿಮ್ಮ ಎರಡು ಕೈಗಳು. ಅವು ಸೋತರೆ ಕೊಟ್ಟಿಗೆಯೇ ಸೋಲುತ್ತದೆ.

ಒತ್ತಡ ಎಂದರೆ ಏನು?

ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದೀರಿ. ಕಾಲ ಬಳಿ ಹಾವು ಸರಿದು ಹೋಯಿತು. ಯೋಚನೆ ಮಾಡುವ ಮೊದಲೇ ನೀವು ಹಿಂದಕ್ಕೆ ಹಾರಿರುತ್ತೀರಿ. ಎದೆ ಡವಡವ ಹೊಡೆಯುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ನಮ್ಮ ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಅಪಾಯ ಕಂಡ ಕೂಡಲೇ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಓಡಲು ಅಥವಾ ಎದುರಿಸಲು ಬೇಕಾದ ಶಕ್ತಿ ಅದರಿಂದ ಬರುತ್ತದೆ. ಹಾವು ದೂರ ಹೋದ ಮೇಲೆ ಸ್ವಲ್ಪ ಹೊತ್ತಿನಲ್ಲಿ ದೇಹ ಮೊದಲಿನಂತೆ ಆಗುತ್ತದೆ.

ಇಂಥ ಒತ್ತಡದಿಂದ ಕೇಡಿಲ್ಲ. ಕರು ಅಡ್ಡಲಾಗಿ ಬಂದಾಗ ನಡುರಾತ್ರಿ ಎದ್ದು ಓಡಾಡುವ ಬಲ ಕೊಡುವುದು ಇದೇ. ಮಳೆ ಬರುವ ಮೊದಲು ಹುಲ್ಲು ಒಳಗೆ ಹಾಕಿಸುವುದೂ ಇದೇ.

ತೊಂದರೆ ಶುರುವಾಗುವುದು ಹಾವು ಹೋಗದೇ ಇದ್ದಾಗ. ಸಾಲದ ಕಂತು, ಮೂರು ಸಲ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದ ಹಸು, ಹಾಸಿಗೆ ಹಿಡಿದ ಅತ್ತೆ, ಕುಡಿದು ಬರುವ ಗಂಡ, ಮಗಳ ಕಾಲೇಜು ಫೀಸು. ಇವೆಲ್ಲ ಬಂದು ಹೋಗುವ ಹಾವುಗಳಲ್ಲ. ದೇಹಕ್ಕೆ ಮಾತ್ರ ಈ ವ್ಯತ್ಯಾಸ ತಿಳಿಯದು. ಅದು ದಿನವಿಡೀ ಅಪಾಯ ಎದುರಿಗಿದೆ ಎಂದೇ ಭಾವಿಸಿ ಸಿದ್ಧವಾಗಿ ನಿಂತಿರುತ್ತದೆ. ಆಗ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಹೆಚ್ಚಾಗುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ನಿದ್ದೆ ಕೆಡುತ್ತದೆ, ಹೊಟ್ಟೆ ಉರಿಯುತ್ತದೆ, ರಕ್ತದೊತ್ತಡ ಏರುತ್ತದೆ, ಮುಟ್ಟು ಏರುಪೇರಾಗುತ್ತದೆ, ಸಣ್ಣ ನೆಗಡಿ ಕೂಡ ಬೇಗ ಬಿಡುವುದಿಲ್ಲ. ಚಿತೆಗೂ ಚಿಂತೆಗೂ ಒಂದು ಸೊನ್ನೆ ಮಾತ್ರ ವ್ಯತ್ಯಾಸ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಹಸು ಹೆದರಿದರೆ ಹಾಲು ಎಲ್ಲಿ ಹೋಗುತ್ತದೆ?

ಈಗ ಹಸುವಿನ ಕಡೆ ಬರೋಣ. ಕೆಚ್ಚಲು ತೊಳೆದು, ಒರೆಸಿ, ಮೊಲೆ ಮುಟ್ಟಿದಾಗ ಹಸುವಿನ ಮೆದುಳಿಗೆ ಸುದ್ದಿ ಮುಟ್ಟುತ್ತದೆ. ಅಲ್ಲಿಂದ ಆಕ್ಸಿಟೋಸಿನ್ ಎಂಬ ರಸ ರಕ್ತದಲ್ಲಿ ಹರಿದು ಸುಮಾರು ಒಂದು ನಿಮಿಷದಲ್ಲಿ ಕೆಚ್ಚಲನ್ನು ಸೇರುತ್ತದೆ. ಆಗ ಕೆಚ್ಚಲಿನ ಒಳಗಿರುವ ಹಾಲಿನ ಚೀಲಗಳು ಹಿಂಡಿದಂತಾಗಿ ಹಾಲು ಕೆಳಗಿಳಿಯುತ್ತದೆ. ಇದನ್ನೇ ನೀವು ಹಸು ಸೊರೆ ಬಿಟ್ಟಿತು ಅನ್ನುತ್ತೀರಿ. ಈ ರಸದ ಪ್ರಭಾವ 5ರಿಂದ 7 ನಿಮಿಷ ಮಾತ್ರ. ಅಷ್ಟರಲ್ಲಿ ಕರೆದು ಮುಗಿಸಬೇಕು.

ಹಸು ಹೆದರಿದರೆ ಅಡ್ರಿನಲಿನ್ ಅಡ್ಡ ಬರುತ್ತದೆ. ಕೆಚ್ಚಲಿಗೆ ಹೋಗುವ ರಕ್ತನಾಳಗಳು ಬಿಗಿಯುತ್ತವೆ, ಆಕ್ಸಿಟೋಸಿನ್ ತನ್ನ ಕೆಲಸ ಮಾಡಲಾಗುವುದಿಲ್ಲ. 1941ರಲ್ಲಿ ಅಮೆರಿಕದ ಎಲಿ ಮತ್ತು ಪೀಟರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ತೋರಿಸಿದರು. ಕರೆಯುವ ಹೊತ್ತಿನಲ್ಲಿ ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಬಿಟ್ಟು, ಕಾಗದದ ಚೀಲಗಳನ್ನು ಊದಿ ಪಟಪಟನೆ ಒಡೆದು ಹೆದರಿಸಿದರು. ಹಸು ಹಾಲು ಇಳಿಸಲಿಲ್ಲ. ಹಾಲು ಕೆಚ್ಚಲಿನಲ್ಲೇ ಇತ್ತು, ಹೊರಗೆ ಬರಲಿಲ್ಲ ಅಷ್ಟೆ.

ಇದರಿಂದ ನಿಮಗೆ ಆಗುವ ನಷ್ಟ ಲೀಟರ್ ಲೆಕ್ಕದಲ್ಲಿ ಮಾತ್ರ ಅಲ್ಲ. ಮೊದಲು ಬರುವ ಹಾಲಿನಲ್ಲಿ ಜಿಡ್ಡು ಶೇಕಡ 1ರಿಂದ 2 ಇರುತ್ತದೆ. ಕಟ್ಟಕಡೆಯಲ್ಲಿ ಹಿಂಡುವ ಹಾಲಿನಲ್ಲಿ ಶೇಕಡ 5ರಿಂದ 10ರವರೆಗೂ ಇರುತ್ತದೆ. ಹಾಲು ಒಳಗೇ ಉಳಿದರೆ ಉಳಿಯುವುದು ಆ ಜಿಡ್ಡಿನ ಹಾಲೇ. ಸಂಘದಲ್ಲಿ ಪರೀಕ್ಷೆಯಲ್ಲಿ ಜಿಡ್ಡು ಇಳಿಯುತ್ತದೆ, ದರ ಇಳಿಯುತ್ತದೆ. ದಿನವೂ ಹಾಲು ಉಳಿದರೆ ಹಸುವಿನ ದೇಹ 'ಇಷ್ಟು ಹಾಲು ಬೇಡವಂತೆ' ಎಂದು ತಿಳಿದು ಉತ್ಪಾದನೆಯನ್ನೇ ಕಡಿಮೆ ಮಾಡುತ್ತದೆ. ಕೆಚ್ಚಲು ಬಾವಿನ ಅಪಾಯವೂ ಹೆಚ್ಚುತ್ತದೆ.

ಹಸು ಹೆದರಲು ಬೆಕ್ಕೇ ಬೇಕಿಲ್ಲ. ತನ್ನನ್ನು ಹೊಡೆದವರನ್ನು, ಕಿರುಚಿದವರನ್ನು ಹಸು ಗುರುತಿಟ್ಟುಕೊಳ್ಳುತ್ತದೆ. ಅವರು ಹತ್ತಿರ ಬಂದರೆ ಸಾಕು, ಮೈ ಬಿಗಿ ಹಿಡಿಯುತ್ತದೆ, ಕಾಲು ಎತ್ತುತ್ತದೆ.

ನಿಮ್ಮ ಅವಸರ ಹಸುವಿಗೆ ತಿಳಿಯುತ್ತದೆ

ಒಂದು ಮನೆಯಿಂದ ಕರೆ ಬಂದಿತ್ತು. "ಜಿಡ್ಡು 3.5 ದಾಟುತ್ತಿಲ್ಲ, ಹಸುವಿಗೆ ಏನೋ ಆಗಿದೆ, ಇಂಜೆಕ್ಷನ್ ಕೊಡಿ" ಎಂದರು. ಹೋಗಿ ನೋಡಿದರೆ ಹಸುವಿಗೆ ಜ್ವರ ಇಲ್ಲ, ಕೆಚ್ಚಲು ಬಾವಿನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಒಣಮೇವು, ಹಸಿಮೇವು, ಪಶು ಆಹಾರ ಎಲ್ಲ ಸರಿಯಾಗಿದೆ. ಕೊನೆಗೆ ಕರೆಯುವ ಹೊತ್ತಿನಲ್ಲಿ ಕುಳಿತು ನೋಡಿದೆ. ಆ ತಾಯಿ ಒಬ್ಬರೇ. ಪಾರ್ಶ್ವವಾಯು ಹೊಡೆದ ಅತ್ತೆಗೆ ಬೆಳಗಿನ ಕೆಲಸ ಮಾಡಿಸಬೇಕು, ಇಬ್ಬರು ಮಕ್ಕಳ ಊಟದ ಡಬ್ಬಿ ಕಟ್ಟಬೇಕು, ಸಂಘದಲ್ಲಿ ಹಾಲು ತೆಗೆದುಕೊಳ್ಳುವ ಹೊತ್ತು ಮೀರುವಂತಿಲ್ಲ. ಕೆಚ್ಚಲಿಗೆ ಒಂದು ಚೊಂಬು ನೀರು ಎರಚಿ, ಸೊರೆ ಬಿಡುವ ಮೊದಲೇ ಕರೆಯಲು ಕುಳಿತು, ಮೂರೇ ನಿಮಿಷದಲ್ಲಿ ಎದ್ದರು. ಅಷ್ಟರಲ್ಲಿ ಎರಡು ಸಲ ಒಳಗಿನಿಂದ ಕರೆ ಬಂದಿತ್ತು.

ಹಸುವಿಗೆ ಬರೆದುಕೊಡಲು ಔಷಧಿ ಏನೂ ಇರಲಿಲ್ಲ. ಅವರ ಯಜಮಾನರನ್ನು ಕರೆದು, ಬೆಳಗಿನ ಹೊತ್ತು ಅವರ ತಾಯಿಯ ಕೆಲಸ ಅವರೇ ನೋಡಿಕೊಳ್ಳಬೇಕು ಎಂದು ಹೇಳಿದೆ. ಕರೆಯುವವರಿಗೆ ಆ 15 ನಿಮಿಷ ಯಾರೂ ಕರೆ ಹಾಕಬಾರದು ಎಂದೆ. ಅವರು ಹಾಗೆ ನಡೆಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಜಿಡ್ಡು ಮೇಲೆ ಬಂತು.

ಇದನ್ನು ಓದಿ 'ಜಿಡ್ಡು ಕಡಿಮೆಯಾದರೆ ತಪ್ಪು ನನ್ನದೇ' ಎಂದು ಯಾರೂ ತಿಳಿಯಬೇಡಿ. ಒಣಮೇವು ಸಾಲದಿದ್ದರೆ, ಬಿಸಿಲು ಹೆಚ್ಚಾದರೆ, ರೋಗ ಇದ್ದರೆ ಕೂಡ ಜಿಡ್ಡು ಇಳಿಯುತ್ತದೆ. ಆ ಮನೆಯಲ್ಲೂ ತಪ್ಪು ಇದ್ದದ್ದು ಆ ತಾಯಿಯಲ್ಲಿ ಅಲ್ಲ, ನಾಲ್ಕು ಜನರ ಕೆಲಸ ಒಬ್ಬರ ತಲೆ ಮೇಲೆ ಬಿದ್ದದ್ದರಲ್ಲಿ.

ಅವಸರಕ್ಕೆ ಸೋತು ಕೆಲವರು ಸೊರೆ ಬಿಡಿಸಲು ಆಕ್ಸಿಟೋಸಿನ್ ಚುಚ್ಚುಮದ್ದಿನ ಮೊರೆ ಹೋಗುತ್ತಾರೆ. ದಯವಿಟ್ಟು ಬೇಡ. ಹಾಲಿಗಾಗಿ ಅದನ್ನು ಚುಚ್ಚುವುದು ಕಾನೂನಿನ ಪ್ರಕಾರ ಅಪರಾಧ. ಹಸುವಿಗೆ ಅದೇ ಅಭ್ಯಾಸವಾಗಿ, ಚುಚ್ಚದೆ ಸೊರೆ ಬಿಡದಂತೆ ಆಗುತ್ತದೆ.

ನಿಮ್ಮ ಲಕ್ಷಣಗಳನ್ನು ನೀವೇ ನೋಡಿಕೊಳ್ಳಿ

ಹಸು ಬಾಯಿ ಬಿಟ್ಟು ಹೇಳುವುದಿಲ್ಲ. ಆದರೂ ಕಿವಿ ಜೋತಿದ್ದರೆ, ಮೂಗು ಒಣಗಿದ್ದರೆ ನೀವು ತಿಳಿಯುತ್ತೀರಿ. ಹಾಗೆಯೇ ನಿಮ್ಮ ದೇಹವೂ ಸೂಚನೆ ಕೊಡುತ್ತದೆ:

• ಮಲಗಿದರೂ ನಿದ್ದೆ ಬರುವುದಿಲ್ಲ, ಅಥವಾ ಬೆಳಗಿನ ಜಾವ 2-3 ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ.
• ತಲೆನೋವು, ಕುತ್ತಿಗೆ-ಭುಜದ ಬಿಗಿತ, ಎದೆಯುರಿ ಮತ್ತೆ ಮತ್ತೆ ಬರುತ್ತದೆ.
• ಸಣ್ಣ ಮಾತಿಗೂ ಮಕ್ಕಳ ಮೇಲೆ, ಹಸುವಿನ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ಅಳು ಬರುತ್ತದೆ.
• ಕ್ಯಾನ್ ಎಲ್ಲಿಟ್ಟೆ, ಹಸು ಬೆದೆಗೆ ಬಂದದ್ದು ಯಾವತ್ತು ಎಂಬುದೆಲ್ಲ ಮರೆತುಹೋಗುತ್ತದೆ.
• ಮೊದಲು ಇಷ್ಟವಾಗುತ್ತಿದ್ದ ಹಬ್ಬ, ಜಾತ್ರೆ, ಸಂಘದ ಸಭೆ ಯಾವುದೂ ಬೇಡ ಅನ್ನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಸುಸ್ತೆಲ್ಲ ಮನಸ್ಸಿನದ್ದಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆಯಿಂದಲೂ ಸುಸ್ತಾಗುತ್ತದೆ. ಹೈನುಗಾರಿಕೆ ಮಾಡುವವರು ಇನ್ನೊಂದನ್ನು ನೆನಪಿಡಬೇಕು. ಹಸುಗಳಲ್ಲಿ ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ರೋಗ ಮನುಷ್ಯರಿಗೂ ಅಂಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು, ವಿಪರೀತ ಸುಸ್ತು ಅದರ ಲಕ್ಷಣ. ನಿಮ್ಮ ಕೊಟ್ಟಿಗೆಯಲ್ಲಿ ಕಂದು ಹಾಕಿದ ಹಸು ಇದ್ದು, ನಿಮಗೆ ಹೀಗಾಗುತ್ತಿದ್ದರೆ ವೈದ್ಯರ ಹತ್ತಿರ ಹೋದಾಗ 'ನಾನು ಹಸು ಸಾಕುತ್ತೇನೆ, ಕಂದು ಹಾಕಿದ ಹಸು ಮುಟ್ಟಿದ್ದೇನೆ' ಎಂದು ಬಾಯಿಬಿಟ್ಟು ಹೇಳಿ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಔಷಧಿಯಿಂದ ವಾಸಿಯಾಗುತ್ತದೆ.

ಮೊದಲು ಲೆಕ್ಕ, ಆಮೇಲೆ ಪರಿಹಾರ

ಹಸುವಿಗೆ ಎಷ್ಟು ಕೆ.ಜಿ. ಪಶು ಆಹಾರ ಎಂಬ ಲೆಕ್ಕ ನಿಮಗೆ ಗೊತ್ತು. ನಿಮ್ಮ ಒಂದು ದಿನದ ಕೆಲಸದ ಲೆಕ್ಕ ಎಂದಾದರೂ ಬರೆದಿದ್ದೀರಾ? ಮೂರು ದಿನ ಮಾತ್ರ ಬರೆದು ನೋಡಿ. ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟ ಸಾಕು. ಎದ್ದ ಹೊತ್ತು, ಸಗಣಿ ಬಾಚಿದ್ದು, ನೀರು ಹೊತ್ತದ್ದು ಎಷ್ಟು ಕೊಡ, ಹುಲ್ಲು ತಂದದ್ದು ಎಷ್ಟು ಹೊರೆ, ಕರೆದದ್ದು, ಸಂಘಕ್ಕೆ ಹೋಗಿ ಬಂದದ್ದು, ಅಡುಗೆ, ಕೂಲಿ, ಮಲಗಿದ ಹೊತ್ತು. ಓದು-ಬರಹ ಬಾರದವರು ಮಕ್ಕಳಿಂದ ಬರೆಸಿ. ಅವರಿಗೂ ಅಮ್ಮನ ದಿನ ಎಷ್ಟು ಉದ್ದ ಎಂದು ತಿಳಿಯಲಿ.

ಆಮೇಲೆ ಒಂದೊಂದು ಕೆಲಸದ ಮುಂದೆಯೂ ಗುರುತು ಹಾಕಿ: ಸುಲಭ ಮಾಡಬಹುದಾದದ್ದು, ಹಂಚಬಹುದಾದದ್ದು, ಬಿಡಬಹುದಾದದ್ದು. ಮಳೆ ಬಾರದಿರುವುದು, ಹಿಂಡಿಯ ಬೆಲೆ ಏರುವುದು ನಿಮ್ಮ ಕೈಯಲ್ಲಿಲ್ಲ. ಅದರ ಚಿಂತೆ ಪೂರ್ತಿ ಹೋಗದು. ಆದರೆ ಕೈಯಲ್ಲಿರುವುದನ್ನು ಹಗುರ ಮಾಡಿಕೊಂಡರೆ ಕೈಯಲ್ಲಿಲ್ಲದ್ದನ್ನು ತಾಳುವ ಬಲ ಉಳಿಯುತ್ತದೆ.

ಕೊಟ್ಟಿಗೆಯ ಹೊರೆ ಇಳಿಸುವ ದಾರಿಗಳು

1. ನೀರು ಹಸುವಿನ ಮುಂದೆ ಇರಲಿ. ದಿನಕ್ಕೆ 10-12 ಲೀಟರ್ ಹಾಲು ಕೊಡುವ ಹಸುವಿಗೆ ಬೇಸಿಗೆಯಲ್ಲಿ 60ರಿಂದ 80 ಲೀಟರ್ ನೀರು ಬೇಕು. ಎರಡು ಹಸು ಇದ್ದರೆ 15 ಲೀಟರಿನ ಕೊಡದಲ್ಲಿ 8ರಿಂದ 11 ಕೊಡ. ಇಷ್ಟನ್ನೂ ದಿನವೂ ಸೊಂಟದ ಮೇಲೆ ಹೊರುವ ಬದಲು ಒಂದು ಪೈಪು, ಒಂದು ತೊಟ್ಟಿ ಹಾಕಿಸಿ. ಹಸು ಬೇಕಾದಾಗ ಕುಡಿಯುತ್ತದೆ, ಹಾಲೂ ಹೆಚ್ಚುತ್ತದೆ, ನಿಮ್ಮ ಸೊಂಟವೂ ಉಳಿಯುತ್ತದೆ. ಕೊಟ್ಟಿಗೆಗೆ ಮಾಡುವ ಖರ್ಚಿನಲ್ಲಿ ಮೊದಲ ಖರ್ಚು ಇದೇ ಆಗಲಿ.

2. ಹಗಲೆಲ್ಲ ಕಟ್ಟಿ ಹಾಕುವುದನ್ನು ಬಿಡಿ. ಜಾಗ ಇದ್ದವರು ಸುತ್ತ ಬೇಲಿ ಕಟ್ಟಿ, ಒಳಗೆ ನೆರಳು, ಗೋದಲಿ, ನೀರಿನ ತೊಟ್ಟಿ ಇಟ್ಟು ಹಸುಗಳನ್ನು ಬಿಚ್ಚಿ ಬಿಡಬಹುದು. ಕರೆಯುವಾಗ ಮಾತ್ರ ಕಟ್ಟಿದರೆ ಸಾಕು. ನೀರಿಗೆ ಬಿಚ್ಚುವುದು, ನೆರಳಿಗೆ ಕಟ್ಟುವುದು, ಮತ್ತೆ ಒಳಗೆ ತರುವುದು ಎಂಬ ಓಡಾಟ ತಪ್ಪುತ್ತದೆ. ಹಸುವೂ ಹಾಯಾಗಿ ಮಲಗಿ ಮೆಲುಕು ಹಾಕುತ್ತದೆ.

3. ರಸಮೇವು ಮಾಡಿ. ಮಳೆಗಾಲದಲ್ಲಿ ಮುಸುಕಿನ ಜೋಳದ ಕಾಳು ಹಾಲುಗಟ್ಟಿ ಗಟ್ಟಿಯಾಗುವ ಹಂತದಲ್ಲಿ ಕತ್ತರಿಸಿ, ಸಣ್ಣಗೆ ತುಂಡು ಮಾಡಿ, ಗಾಳಿಯಾಡದಂತೆ ಚೀಲದಲ್ಲಿ ಅಥವಾ ಗುಂಡಿಯಲ್ಲಿ ಒತ್ತಿ ತುಂಬಿ ಮುಚ್ಚಿದರೆ ಸುಮಾರು 45 ದಿನಕ್ಕೆ ಸಿದ್ಧ. ಎರಡು ದಿನದ ಶ್ರಮ ಬೇಸಿಗೆಯ ಎಷ್ಟೋ ದಿನದ ಹುಲ್ಲಿನ ಅಲೆದಾಟವನ್ನು ಉಳಿಸುತ್ತದೆ. 'ನಾಳೆ ಮೇವಿಗೆ ಏನು ಮಾಡಲಿ' ಎಂಬ ರಾತ್ರಿಯ ಚಿಂತೆಯೂ ಅಷ್ಟು ಕಡಿಮೆ.

4. ಗಬ್ಬದ ಹಸುವಿಗೆ ಸಂಜೆ ಮೇವು ಹಾಕಿ. ಕರು ಹಾಕುವ ತಿಂಗಳಲ್ಲಿ ದಿನದ ಮುಖ್ಯ ಮೇವನ್ನು ಬೆಳಗಿನ ಬದಲು ಸಂಜೆ ಕತ್ತಲಾಗುವ ಹೊತ್ತಿಗೆ ಹಾಕುತ್ತ ಬಂದರೆ ಹೆಚ್ಚಿನ ಹಸುಗಳು ಹಗಲು ಹೊತ್ತಿನಲ್ಲಿ ಕರು ಹಾಕುತ್ತವೆ. ಎಲ್ಲವೂ ಹಾಗೆ ಮಾಡುತ್ತವೆ ಎಂದು ಹೇಳಲಾಗದು. ಆದರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಿಮ್ಮ ನಿದ್ದೆ ಉಳಿಯುತ್ತದೆ, ತೊಂದರೆ ಬಂದರೆ ವೈದ್ಯರೂ ಬೇಗ ಸಿಗುತ್ತಾರೆ.

5. ಬರೆದಿಡಿ. ಬೆದೆಗೆ ಬಂದ ದಿನ, ಗರ್ಭಧಾರಣೆ ಮಾಡಿಸಿದ ದಿನ, ಲಸಿಕೆ ಹಾಕಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ತಲೆಯಲ್ಲಿ ಹೊತ್ತು ತಿರುಗುವ ಹೊರೆಯೂ ಹೊರೆಯೇ. ಕ್ಯಾಲೆಂಡರ್ ನೆನಪಿಟ್ಟುಕೊಂಡರೆ ನೀವು ಮರೆತು ಮಲಗಬಹುದು.

6. ಮುಂದೆ ಬರುವ ಆಪತ್ತನ್ನು ಇಂದೇ ಕಡಿಮೆ ಮಾಡಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಉಚಿತವಾಗಿ ಹಾಕುತ್ತಾರೆ. 'ಹಾಲು ಕಡಿಮೆಯಾಗುತ್ತದೆ' ಎಂದು ತಪ್ಪಿಸಬೇಡಿ. ಎರಡು ದಿನದ ಅಲ್ಪ ಇಳಿಕೆಗೆ ಹೆದರಿ ಹಸುವನ್ನೇ ಅಪಾಯಕ್ಕೆ ಒಡ್ಡಬಾರದು. ರಾಸು ವಿಮೆ ಮಾಡಿಸಿ, ಕಿವಿಯ ಓಲೆ ಬಿದ್ದುಹೋದರೆ ಅಂದೇ ಸಂಘಕ್ಕೆ ತಿಳಿಸಿ.

7. ಕೈಗೆ ಎಟುಕುವಷ್ಟೇ ಹಸು ಸಾಕಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಕೊಟ್ಟಿಗೆಗೂ ಸಲ್ಲುತ್ತದೆ. ಮೇವು, ನೀರು, ಸಹಾಯದ ಕೈ ಇಲ್ಲದೆ ಸಾಲ ಮಾಡಿ ಮೂರನೆಯ ಹಸು ಕಟ್ಟಿದರೆ ಮೊದಲ ಎರಡರ ಹಾಲೂ ಇಳಿಯುತ್ತದೆ.

ಮನೆಯವರ ಜೊತೆ ಹಂಚಿಕೊಳ್ಳಿ

"ಸ್ವಲ್ಪ ಸಹಾಯ ಮಾಡಿ" ಎಂದರೆ ಯಾರೂ ಮಾಡುವುದಿಲ್ಲ, ಏನು ಮಾಡಬೇಕೆಂದೇ ಅವರಿಗೆ ತಿಳಿಯದು. "ಇನ್ನು ಮೇಲೆ ಸಂಜೆ ಐದಕ್ಕೆ ಮೇವು ಹಾಕುವುದು ನಿಮ್ಮ ಕೆಲಸ" ಎಂದು ಹೊತ್ತು, ಕೆಲಸ ಎರಡನ್ನೂ ಹೇಳಿ. ಮಗಳಿಗೆ ಹೇಳುವ ಕೆಲಸವನ್ನು ಮಗನಿಗೂ ಹೇಳಿ. ಅವರು ಮಾಡಿದ್ದು ನಿಮ್ಮಷ್ಟು ಚೆನ್ನಾಗಿಲ್ಲದಿದ್ದರೂ ಮೊದಲ ಕೆಲವು ದಿನ ಸುಮ್ಮನಿರಿ.

ಮನೆಯಲ್ಲಿ ಇನ್ನೊಬ್ಬರಾದರೂ ಹಾಲು ಕರೆಯುವುದನ್ನು ಕಲಿತಿರಬೇಕು. 'ಈ ಹಸು ನನ್ನ ಕೈಗೆ ಮಾತ್ರ ಹಾಲು ಕೊಡುತ್ತದೆ' ಎಂಬುದು ಹೆಮ್ಮೆಯ ಮಾತಾದರೂ ನಿಮ್ಮನ್ನು ಕಟ್ಟಿಹಾಕುವ ಹಗ್ಗವೂ ಹೌದು. ನಿಮಗೆ ಜ್ವರ ಬಂದ ದಿನ ಹಸುವೂ ಕಷ್ಟಪಡುತ್ತದೆ. ವಾರಕ್ಕೆ ಎರಡು ಸಲ ಇನ್ನೊಂದು ಕೈ ಕರೆಯಲಿ. ಮೊದಲು ನೀವು ಪಕ್ಕದಲ್ಲಿ ನಿಂತಿರಿ, ಹಸು ಒಗ್ಗುತ್ತದೆ.

ನಾಟಿ, ಕಳೆಗೆ ನಮ್ಮ ಊರುಗಳಲ್ಲಿ ಮುಯ್ಯಾಳು ಪದ್ಧತಿ ಇದೆ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಕರಾವಿಗೂ ಇದನ್ನೇ ಯಾಕೆ ಮಾಡಬಾರದು? ಅಕ್ಕಪಕ್ಕದ ಮೂರು ಮನೆಯವರು ಒಪ್ಪಿಕೊಂಡರೆ ತವರಿನ ಮದುವೆಗೆ, ಆಸ್ಪತ್ರೆಗೆ ಹೋಗಲು ಒಂದು ದಿನ ಬಿಡುವು ಸಿಗುತ್ತದೆ. ಹಸುವಿಗೆ ಭಾನುವಾರ ಇಲ್ಲ ನಿಜ. ಸಾಕುವವಳಿಗೆ ತಿಂಗಳಿಗೊಂದಾದರೂ ಇರಲಿ.

ಹಣದ ಚಿಂತೆ

ದುಡಿಮೆ ನಿಮ್ಮದು, ಪಾಸ್‌ಬುಕ್ ಇನ್ನೊಬ್ಬರ ಹೆಸರಿನಲ್ಲಿ ಇದ್ದರೆ ಒತ್ತಡ ಎರಡು ಪಟ್ಟು. ಸಂಘದ ಸದಸ್ಯತ್ವ ಯಾರ ಹೆಸರಿನಲ್ಲಿದೆ ನೋಡಿ. ಹಾಲು ಹಾಕುವವರು ನೀವಾದರೆ ನಿಮ್ಮ ಹೆಸರಿನಲ್ಲಿ ಸದಸ್ಯತ್ವ ಪಡೆಯುವ ಬಗ್ಗೆ ಕಾರ್ಯದರ್ಶಿಯವರನ್ನು ಕೇಳಿ. ಬಟವಾಡೆಯ ಹಣವೂ ಸರ್ಕಾರ ಕೊಡುವ ಪ್ರೋತ್ಸಾಹಧನವೂ ನಿಮ್ಮ ಖಾತೆಗೇ ಬರುವಂತೆ ಮಾಡಿಕೊಳ್ಳಿ. ಪ್ರತಿ ಬಟವಾಡೆಯಲ್ಲೂ ಮೊದಲು ಪಶು ಆಹಾರದ ಬಾಕಿ, ಆಮೇಲೆ ಸಾಲದ ಕಂತು, ಆಮೇಲೆ ಸಣ್ಣದೊಂದು ಮೊತ್ತ ಹಸುವಿನ ಆಪತ್ತಿಗೆಂದು ಬೇರೆ ತೆಗೆದಿಡಿ. ನೂರು ರೂಪಾಯಿ ಆದರೂ ಸರಿ. ಆಪತ್ತಿಗೆ ಕೈಯಲ್ಲಿ ಏನೋ ಇದೆ ಎಂಬ ಧೈರ್ಯವೇ ನಿದ್ದೆ ತರುತ್ತದೆ.

ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವ ಹಂತ ತಲುಪಿದ್ದರೆ ಮುಚ್ಚಿಡಬೇಡಿ. ಸ್ವಸಹಾಯ ಗುಂಪಿನಲ್ಲಿ, ಬ್ಯಾಂಕಿನಲ್ಲಿ ಮಾತಾಡಿ. ಕಂತು ತಪ್ಪುವ ಮೊದಲು ಕೇಳಿದರೆ ದಾರಿ ಸಿಗುವ ಸಾಧ್ಯತೆ ಹೆಚ್ಚು.

ದೇಹಕ್ಕೂ ಮನಸ್ಸಿಗೂ ಐದು ಸಣ್ಣ ಅಭ್ಯಾಸ

• ಕರೆಯಲು ಕುಳಿತಾಗ ಉಸಿರಾಟ: ಕೆಚ್ಚಲು ಒರೆಸಿದ ಮೇಲೆ ಸೊರೆ ಬಿಡುವವರೆಗೆ ಒಂದು ನಿಮಿಷ ಇದೆಯಲ್ಲ, ಅದು ನಿಮ್ಮದು. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದುಕೊಳ್ಳಿ, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಹೀಗೆ ಆರು ಸಲ. ಉಸಿರು ನಿಧಾನವಾಗಿ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಭುಜ ಸಡಿಲವಾಗುತ್ತದೆ. ದಿನಕ್ಕೆ ಎರಡು ಕರಾವು, ಎರಡು ಸಲ ಅಭ್ಯಾಸ.
• ಹೊಟ್ಟೆ: ಬೆಳಗಿನ ಕರಾವಿಗೆ ಮೊದಲು ಬರೀ ಟೀ ಸಾಲದು. ರಾತ್ರಿಯ ಮುದ್ದೆಯೋ ರೊಟ್ಟಿಯೋ ಒಂದು ತುಂಡು, ಒಂದು ಲೋಟ ನೀರು. ಎಲ್ಲ ಹಾಲನ್ನೂ ಸಂಘಕ್ಕೆ ಹಾಕಬೇಡಿ, ಒಂದು ಲೋಟ ನಿಮಗೂ ಇರಲಿ.
• ಬೆನ್ನು: ಕರೆಯಲು ಮಣೆ ಅಥವಾ ಸ್ಟೂಲ್ ಬಳಸಿ. ಕ್ಯಾನ್ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ ಎತ್ತಿ.
• ನಿದ್ದೆ: ಬೆಳಗಿನ ಜಾವ ಏಳುವವರು ರಾತ್ರಿ ಧಾರಾವಾಹಿ, ಮೊಬೈಲ್ ನೋಡುತ್ತ ಕೂತರೆ ಲೆಕ್ಕ ತಪ್ಪುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಮಲಗುವುದು ಸೋಮಾರಿತನ ಅಲ್ಲ. ಹಸುವೂ ಹಾಯಾಗಿ ಮಲಗಿದರೆ ಹಾಲು ಚೆನ್ನಾಗಿ ಕೊಡುತ್ತದೆ ಎಂದು ಹೇಳುವವರಿಗೆ ಹೇಳಿ.
• ಮಾತು: ನಂಬಿಕೆಯ ಒಬ್ಬರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿ. ಅವರು ಪರಿಹಾರ ಹೇಳಬೇಕೆಂದಿಲ್ಲ, ಕೇಳಿದರೆ ಸಾಕು.

ಹಸು ಸತ್ತಾಗ

2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹರಡಿದಾಗ ಅನೇಕ ಮನೆಗಳಲ್ಲಿ ಕರೆಯುವ ಹಸು ಹೋಯಿತು. ಪರಿಹಾರದ ಅರ್ಜಿ, ಮಹಜರು ಎಲ್ಲದರ ಬಗ್ಗೆ ಮಾತಾಡಿದೆವು. ಅಳು ಬಂದದ್ದರ ಬಗ್ಗೆ ಯಾರೂ ಮಾತಾಡಲಿಲ್ಲ. ಕರುವಾಗಿದ್ದಾಗಿನಿಂದ ಸಾಕಿದ ಪ್ರಾಣಿ ಕಣ್ಣೆದುರು ಸತ್ತರೆ ದುಃಖವಾಗುವುದು ಸಹಜ. "ಒಂದು ಹಸುವಿಗೆ ಇಷ್ಟು ಅಳಬೇಕಾ" ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಕೆಲವು ವಾರ ಖಾಲಿ ಗೂಟ ನೋಡಿದಾಗ ಮನಸ್ಸು ಹಿಂಡುತ್ತದೆ, ನಿಧಾನವಾಗಿ ಇಳಿಯುತ್ತದೆ. 'ನಾನು ಇನ್ನೂ ಬೇಗ ಕರೆಸಬೇಕಿತ್ತು' ಎಂದು ನಿಮ್ಮನ್ನೇ ಹಳಿದುಕೊಳ್ಳಬೇಡಿ. ಎಷ್ಟೇ ಬೇಗ ಬಂದರೂ ನಾವು ಉಳಿಸಲಾಗದ ಹಸುಗಳು ಇರುತ್ತವೆ. ನೆರೆಯವರ ಹಸು ಹೋದಾಗ ಒಂದು ಗಳಿಗೆ ಅವರ ಮನೆಗೆ ಹೋಗಿ ಕುಳಿತು ಬನ್ನಿ.

ವೈದ್ಯರ ಸಹಾಯ ಯಾವಾಗ ಬೇಕು?

ಎರಡು ವಾರಕ್ಕೂ ಹೆಚ್ಚು ದಿನ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕಾರಣವಿಲ್ಲದೆ ಅಳು, ಏನೂ ಬೇಡ ಎಂಬ ಭಾವ ಇದ್ದರೆ ಉಸಿರಾಟದ ಅಭ್ಯಾಸ ಒಂದೇ ಸಾಲದು. ಅದು ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಕೆಚ್ಚಲು ಬಾವಿಗೆ ಅರಿಶಿನ ಹಚ್ಚಿ ಕಾಯುತ್ತ ಕೂತರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಇದೂ ಹಾಗೆಯೇ, ಬೇಗ ತೋರಿಸಿದಷ್ಟೂ ಒಳ್ಳೆಯದು.

'ಬದುಕಿ ಏನು ಪ್ರಯೋಜನ' ಎಂಬ ಯೋಚನೆ ಒಮ್ಮೆ ಬಂದರೂ, ಅಥವಾ ಮನೆಯಲ್ಲಿ ಯಾರಾದರೂ ಹಾಗೆ ಅಂದರೂ, ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ, ಉಣ್ಣೆಗೆ ಬಳಸುವ ಕೀಟನಾಶಕಗಳನ್ನು ಎಂದಿಗೂ ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇಡಿ, ಬೀಗದ ಕೈ ಇನ್ನೊಬ್ಬರ ಹತ್ತಿರ ಇರಲಿ. ಕೆಟ್ಟ ಗಳಿಗೆ ದಾಟಿದರೆ ಜೀವ ಉಳಿಯುತ್ತದೆ.

• ಟೆಲಿ ಮಾನಸ್: 14416. ಉಚಿತ ಕರೆ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೇವೆ ಇದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.
• ಮಹಿಳಾ ಸಹಾಯವಾಣಿ: 181. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ.
• ತುರ್ತು ಸಹಾಯ: 112.
• ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮೂರಿನಲ್ಲಿ ಕರಾವಿಗೆ ಮುಯ್ಯಾಳು ಯಾರು ಯಾರು ಸೇರಬಹುದು?
2. ಹಾಲು ಹಾಕುವ ಮಹಿಳೆಯರಲ್ಲಿ ಎಷ್ಟು ಜನರ ಹೆಸರಿನಲ್ಲಿ ಸದಸ್ಯತ್ವ ಇದೆ?
3. ನೀರಿನ ತೊಟ್ಟಿ ಇನ್ನೂ ಇಲ್ಲದ ಕೊಟ್ಟಿಗೆಗಳು ಎಷ್ಟು? ಒಟ್ಟಿಗೆ ಮಾಡಿಸಿದರೆ ಖರ್ಚು ಎಷ್ಟು ಉಳಿಯುತ್ತದೆ?
4. ಕೆಲವು ದಿನದಿಂದ ಹಾಲು ಹಾಕಲು ಬಾರದವರು, ಬಂದರೂ ಮಾತಾಡದೆ ಹೋಗುವವರು ಯಾರಾದರೂ ಇದ್ದಾರಾ? ಅವರ ಮನೆಗೆ ಯಾರು ಹೋಗಿ ಬರುತ್ತೀರಿ?

ನಾಲ್ಕನೆಯ ಪ್ರಶ್ನೆಯನ್ನು ಬಿಡಬೇಡಿ. ಸಂಘಕ್ಕೆ ದಿನಕ್ಕೆ ಎರಡು ಸಲ ಬರುವ ನೀವು ಒಬ್ಬರ ಮುಖ ಒಬ್ಬರು ನೋಡುತ್ತೀರಿ. ಆಸ್ಪತ್ರೆಯವರಿಗಿಂತ, ನಮಗಿಂತ ಮೊದಲು ಬದಲಾವಣೆ ತಿಳಿಯುವುದು ನಿಮಗೇ.

ನಾಳೆ ಬೆಳಿಗ್ಗೆ ಕೆಚ್ಚಲು ಒರೆಸಿದ ಮೇಲೆ ಆ ಒಂದು ನಿಮಿಷ ಉಸಿರಾಟದಿಂದ ಶುರು ಮಾಡಿ. ಮುಂದಿನ ಸಲ ಕೊಟ್ಟಿಗೆಗೆ ಬಂದಾಗ ಹಸುವಿನ ಬಗ್ಗೆ ಕೇಳುವ ಮೊದಲು ನಿಮ್ಮ ತಿಂಡಿ ಆಯಿತಾ ಎಂದು ಕೇಳುತ್ತೇನೆ. ಉತ್ತರ ಸಿದ್ಧವಾಗಿಟ್ಟುಕೊಳ್ಳಿ.